ಗರ್ಭಿಣಿಯ ಆಕ್ಷೇಪಕವೂ ದೃಷ್ಟಿನಾಶವೂ: ಒಂದು ಚಾರಿತ್ರಿಕ ವಿವೇಚನೆ

ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಎಂಟನೆಯ ಅಧ್ಯಾಯವು ಮೂಢಗರ್ಭನಿದಾನವೆಂದು ಪ್ರಸಿದ್ಧವಾಗಿದೆ. ಹೆರಿಗೆಯ ಕಾಲದಲ್ಲಿ ಶಿಶುವು ಅಡ್ಡಗಟ್ಟಿ ನಿಲ್ಲುವ ಎಂಟು ಗತಿಗಳನ್ನು ಅಲ್ಲಿ ಆಚಾರ್ಯನು ಎಣಿಸಿ, ಕೊನೆಯ ಎರಡು ಅಸಾಧ್ಯವೆಂದು ತೀರ್ಮಾನಿಸಿ, ಉಳಿದ ಆರರಲ್ಲಿಯೂ ಕೆಲವು ಲಕ್ಷಣಗಳು ತೋರಿದರೆ ವೈದ್ಯನು ಆ ಸ್ತ್ರೀಯನ್ನು 'ಪರಿಹರೇತ್' ಎಂದು ವಿಧಿಸುತ್ತಾನೆ. ಆ ಲಕ್ಷಣಗಳು ಯಾವುವೆಂದರೆ: ವಿಪರೀತೇಂದ್ರಿಯಾರ್ಥ, ಆಕ್ಷೇಪಕ, ಯೋನಿಭ್ರಂಶ, ಯೋನಿಸಂವರಣ, ಮಕ್ಕಲ್ಲ, ಶ್ವಾಸ, ಕಾಸ, ಭ್ರಮ. ಒಂದೇ ಸಮಾಸದಲ್ಲಿ ಅಡಗಿರುವ ಈ ಪಟ್ಟಿಯನ್ನು ಓದುವವರು ಸಾಮಾನ್ಯವಾಗಿ ಶಸ್ತ್ರಕರ್ಮದ ಭಾಗಕ್ಕೆ ಅವಸರದಿಂದ ಹೋಗುವರು. ಆದರೆ ಪಟ್ಟಿಯ ಮೊದಲೆರಡು ಪದಗಳು ಅಕ್ಕಪಕ್ಕದಲ್ಲಿ ಬಂದಿರುವುದು ಸ್ವಲ್ಪ ನಿಂತು ನೋಡತಕ್ಕ ವಿಷಯವಾಗಿದೆ. ಇಂದ್ರಿಯಗಳಿಗೆ ವಿಷಯಗಳು ವಿಪರೀತವಾಗಿ ತೋರುವುದು ಒಂದು. ಕೈಕಾಲು ಸೆಳೆದು ಒದರುವುದು ಇನ್ನೊಂದು. ಗರ್ಭಿಣಿಯಲ್ಲಿ ರಕ್ತದ ಒತ್ತಡವು ಮಿತಿಮೀರಿ ಏರಿದಾಗ ಮಿದುಳಿಗೂ ಕಣ್ಣಿಗೂ ಒದಗುವ ಆಪತ್ತನ್ನು ಇಂದಿನ ವೈದ್ಯರು ವರ್ಣಿಸುವುದೂ ಈ ಕ್ರಮದಲ್ಲಿಯೇ: ಮೊದಲು ತಲೆನೋವು, ಕಣ್ಣ ಮುಂದೆ ಕಿಡಿಗಳು, ಮಬ್ಬು, ಕೆಲವೊಮ್ಮೆ ಪೂರ್ಣ ಅಂಧತೆ, ಆಮೇಲೆ ಸೆಳವು.

ಇಷ್ಟರಿಂದಲೇ ಸುಶ್ರುತನು ಈ ರೋಗವನ್ನು ಕಂಡಿದ್ದನೆಂದು ಘೋಷಿಸುವುದು ಸಾಹಸವಾಗುವುದು. ಪದದ ಅರ್ಥವನ್ನು ಗ್ರಂಥದಿಂದಲೇ ನಿರ್ಣಯಿಸಬೇಕು. ಅದೃಷ್ಟವಶಾತ್ ಅದಕ್ಕೆ ಸಾಧನವುಂಟು. ಅದೇ ಸಂಹಿತೆಯ ಸೂತ್ರಸ್ಥಾನದ 30ನೆಯ ಅಧ್ಯಾಯದ ಹೆಸರೇ ಪಂಚೇಂದ್ರಿಯಾರ್ಥವಿಪ್ರತಿಪತ್ತಿ. ಮರಣವು ಸಮೀಪಿಸಿದವನಿಗೆ ಶಬ್ದ, ಸ್ಪರ್ಶ, ರೂಪ, ರಸ, ಗಂಧಗಳು ಹೇಗೆ ತಪ್ಪಾಗಿ ಗೋಚರಿಸುತ್ತವೆಂಬುದನ್ನು ಅಲ್ಲಿ ವಿಸ್ತಾರವಾಗಿ ಹೇಳಿದೆ. ನಿರ್ಮಲವಾದ ಆಕಾಶದಲ್ಲಿ ಮಿಂಚುಳ್ಳ ಕರಿಮೋಡಗಳನ್ನು ಕಾಣುವುದು ಅಂತಹ ಲಕ್ಷಣಗಳಲ್ಲೊಂದು. ಆದುದರಿಂದ ವಿಪರೀತೇಂದ್ರಿಯಾರ್ಥವೆಂಬ ಪದಕ್ಕೆ 'ಬುದ್ಧಿಭ್ರಮಣೆ' ಎಂದು ಸಾಮಾನ್ಯವಾಗಿ ಅರ್ಥಮಾಡದೆ, ಇಂದ್ರಿಯಜ್ಞಾನವೇ ತಿರುವುಮುರುವಾಗುವುದೆಂದು ಹೇಳುವುದು ಯುಕ್ತ. ಆದರೆ ಸೂತ್ರಸ್ಥಾನದ ಆ ಅಧ್ಯಾಯವು ಅರಿಷ್ಟಲಕ್ಷಣಗಳ ಸಾಮಾನ್ಯ ಪ್ರಕರಣವಾಗಿದೆ. ಗರ್ಭಿಣಿಗೆ ಮಾತ್ರ ಸಂಬಂಧಿಸಿದುದಲ್ಲ. ಮಿಂಚಿನ ಮೋಡವನ್ನು ಅಲ್ಲಿಂದ ಕಿತ್ತು ಇಲ್ಲಿಗೆ ತಂದು ನಿಲ್ಲಿಸುವುದು ಪ್ರಲೋಭನಕರವಾದರೂ ನ್ಯಾಯವಲ್ಲ. ಪದಾರ್ಥವನ್ನು ಅಲ್ಲಿಂದ ತರಬಹುದು, ಉದಾಹರಣೆಯನ್ನು ತರಬಾರದು.

ಆಕ್ಷೇಪಕದ ವಿಷಯದಲ್ಲಿ ಇನ್ನೊಂದು ತೊಡಕುಂಟು. ನಿದಾನಸ್ಥಾನದ ಮೊದಲನೆಯ ಅಧ್ಯಾಯವಾದ ವಾತವ್ಯಾಧಿನಿದಾನದಲ್ಲಿ ಅಪತಾನಕವೆಂಬ ಸೆಳವಿನ ರೋಗವನ್ನು ಹೇಳುವಾಗ, ಗರ್ಭಪಾತದಿಂದ ಬಂದುದು, ರಕ್ತವು ಅತಿಯಾಗಿ ಹರಿದುದರಿಂದ ಬಂದುದು, ಪೆಟ್ಟಿನಿಂದ ಬಂದುದು, ಈ ಮೂರೂ ಗುಣವಾಗವೆಂದು ಹೇಳಿದೆ. ಗಾಯ, ಗರ್ಭಪಾತಗಳ ತರುವಾಯ ದೇಹವು ಬಿಲ್ಲಿನಂತೆ ಬಾಗುವ ಧನುಸ್ತಂಭವೂ ಆ ಪ್ರಕರಣದಲ್ಲಿಯೇ ಬರುವುದರಿಂದ, ಅದು ಬಹುಮಟ್ಟಿಗೆ ಇಂದಿನವರು ಧನುರ್ವಾಯುವೆನ್ನುವ ರೋಗವೇ ಆಗಿರಬೇಕು. ಮೂಢಗರ್ಭದ ಪಟ್ಟಿಯ ಆಕ್ಷೇಪಕವು ಅದೇ ಆಗಿರಲೂಬಹುದು. ಹಾರೀತನ ಹೆಸರಿನಲ್ಲಿ ಈಗ ದೊರೆಯುವ ಸಂಹಿತೆಯು ಗರ್ಭಿಣಿಯ ಎಂಟು ಉಪದ್ರವಗಳಲ್ಲಿ ಶೋಫವನ್ನು, ಎಂದರೆ ಬಾವನ್ನು, ಎಣಿಸಿದೆ. ಆದರೆ ಅಲ್ಲಿ ಸೆಳವಿನ ಮಾತಿಲ್ಲ. ಹೀಗೆ ಬಾವು ಒಂದು ಗ್ರಂಥದಲ್ಲಿ, ಸೆಳವೂ ಇಂದ್ರಿಯವೈಪರೀತ್ಯವೂ ಇನ್ನೊಂದರಲ್ಲಿ ಇವೆ. ಇವನ್ನು ಒಂದೇ ರೋಗದ ಅಂಗಗಳೆಂದು ಪ್ರಾಚೀನರು ಕೂಡಿಸಿ ಹೇಳಿದ ವಾಕ್ಯವು ಈ ಮೂರು ಸ್ಥಳಗಳಲ್ಲಿ ಎಲ್ಲಿಯೂ ಇಲ್ಲ. ಆದರೂ ಇಂದ್ರಿಯವೈಪರೀತ್ಯ ಮತ್ತು ಆಕ್ಷೇಪಕ ಇವೆರಡನ್ನೂ ಹೆರುವವಳಲ್ಲಿ ಒಟ್ಟಿಗೆ ಕಂಡು ಮೃತ್ಯುಸೂಚಕವೆಂದು ಗ್ರಹಿಸಿದ ಅನುಭವವು ಆ ಸಮಾಸದ ಹಿಂದೆ ಇರಬಹುದೆಂಬುದನ್ನು ಅಲ್ಲಗಳೆಯಲಾಗದು.

ಗ್ರೀಕರ ಕಡೆಗೆ ತಿರುಗಿದರೆ ಅಲ್ಲಿಯೂ ಸ್ಥಿತಿ ಇದೇ. ಹಿಪೊಕ್ರಾಟಿಸನ ಹೆಸರಿನ ಗ್ರಂಥಸಮುಚ್ಚಯಕ್ಕೆ ಸೇರಿದ ಕೋಸ್ ದ್ವೀಪದ ಪೂರ್ವಸೂಚನೆಗಳಲ್ಲಿ, ಗರ್ಭಿಣಿಗೆ ಭಾರದಿಂದ ಕೂಡಿದ ತಲೆನೋವೂ ಜಾಡ್ಯವೂ ಬಂದು ಸೆಳವು ಸೇರಿದರೆ ಅದು ಕೆಟ್ಟದ್ದೆಂದು ಹೇಳಿದೆ. ಅಲ್ಲಿಯೂ ಪರಿಹಾರವಿಲ್ಲ, ಭವಿಷ್ಯವಿದೆ. ಈ ರೋಗಕ್ಕೆ ಪಾಶ್ಚಾತ್ಯರಲ್ಲಿ ಈಗ ರೂಢವಾಗಿರುವ ಎಕ್ಲಾಂಪ್ಸಿಯ ಎಂಬ ಹೆಸರು ಗ್ರೀಕ್ ಧಾತುವಿನಿಂದ ಬಂದುದು. ಥಟ್ಟನೆ ಹೊಳೆದು ಹೊರಹೊಮ್ಮುವುದು, ಮಿಂಚುವುದು ಎಂದು ಅದರ ಅರ್ಥ. ಆದರೆ ಹೆಸರು ಗ್ರೀಕಾದರೂ ಗರ್ಭಿಣಿಯರ ಸೆಳವಿಗೆ ಅದನ್ನು ಬಳಸಿದವರು ಪ್ರಾಚೀನ ಗ್ರೀಕರಲ್ಲ. ಫ್ರಾನ್ಸಿನ ಮೊಂಪೆಲಿಯೇ ನಗರದ ವರಾಂಡೇಯುಸ್ ಎಂಬ ವೈದ್ಯನು ಸ್ತ್ರೀರೋಗಗಳ ಮೇಲೆ ಬರೆದು 1619ರಲ್ಲಿ ಅಚ್ಚಾದ ಲ್ಯಾಟಿನ್ ಗ್ರಂಥದಲ್ಲಿ ಈ ಪದವು ಮೊದಲು ಕಾಣುತ್ತದೆಂದು ವೈದ್ಯಚರಿತ್ರಕಾರರ ಮತ. ಹದಿನೆಂಟನೆಯ ಶತಮಾನದಲ್ಲಿ ಅದೇ ನಗರದ ಬ್ವಾಸಿಯೇ ದ ಸೋವಾಜನು, ಬಹುಕಾಲ ಮರಮರಳಿ ಬರುವ ಸೆಳವು ಅಪಸ್ಮಾರ, ಆಕಸ್ಮಿಕವಾಗಿ ಬಂದು ಹೋಗುವುದು ಎಕ್ಲಾಂಪ್ಸಿಯ ಎಂದು ಭೇದವನ್ನು ಮಾಡಿದನು.

ಈ ಮಿಂಚು ಯಾವುದು? ಎರಡು ಉತ್ತರಗಳುಂಟು. ರೋಗವು ಮಿಂಚಿನಂತೆ ಅನಿರೀಕ್ಷಿತವಾಗಿ ಎರಗುವುದರಿಂದ ಈ ಹೆಸರೆಂದು ಕೆಲವರು. ಸೆಳವಿಗೆ ಮೊದಲು ರೋಗಿಯ ಕಣ್ಣಿಗೆ ಬೆಳಕಿನ ಕಿಡಿಗಳು ತೋರುವುದರಿಂದ ಈ ಹೆಸರೆಂದು ಕೆಲವರು. ಎರಡನೆಯದು ಮನೋಹರವಾಗಿದೆ, ಆದರೆ ಸೋವಾಜನ ವಿಭಾಗವು ಆಕಸ್ಮಿಕತೆಯನ್ನೇ ಆಧಾರವಾಗಿ ಇಟ್ಟುಕೊಂಡಿರುವುದರಿಂದಲೂ, ಆತನು ಈ ಹೆಸರನ್ನು ಗರ್ಭಕ್ಕೆ ಸಂಬಂಧಿಸದ ಸೆಳವುಗಳಿಗೂ ಕೊಟ್ಟಿರುವುದರಿಂದಲೂ ಮೊದಲನೆಯದೇ ಬಲವತ್ತರ. ಕಿಡಿಗಳ ವ್ಯಾಖ್ಯಾನವು ಹೆಸರು ಹುಟ್ಟಿದಮೇಲೆ ಅದಕ್ಕೆ ತೊಡಿಸಿದ ಆಭರಣ. ಯಾಸ್ಕನ ಕಾಲದಿಂದಲೂ ನಿರ್ವಚನಕಾರರು ಹೀಗೆ ಮಾಡುತ್ತ ಬಂದಿರುವುದರಿಂದ ಇದನ್ನು ದೋಷವೆಂದು ಹಳಿಯಬೇಕಾದುದಿಲ್ಲ.

ಹೆಸರಿಲ್ಲದ ಕಾಲದಲ್ಲಿ ಈ ರೋಗವನ್ನು ಜನರು ಏನೆಂದು ತಿಳಿದರೆಂಬುದಕ್ಕೆ ಫ್ರಾನ್ಸಿನ ರಾಜಚರಿತ್ರೆಯಲ್ಲಿಯೇ ಒಂದು ನಿದರ್ಶನವುಂಟು. ನಾಲ್ಕನೆಯ ಹೆನ್ರಿಯ ಪ್ರೇಯಸಿಯಾದ ಗಬ್ರಿಯೆಲ್ ದೆಸ್ತ್ರೇ ಎಂಬುವಳನ್ನು ಆತನು ವಿಧಿಯುಕ್ತವಾಗಿ ಮದುವೆಯಾಗುವುದೆಂದು ನಿಶ್ಚಯಿಸಿದ್ದನು. ಆಗಲೇ ಅವಳಿಗೆ ಆತನಿಂದ ಮೂರು ಮಕ್ಕಳಿದ್ದು ನಾಲ್ಕನೆಯ ಗರ್ಭವು ಬೆಳೆದಿತ್ತು. 1599ರ ಈಸ್ಟರಿನ ಹಿಂದಿನ ವಾರದಲ್ಲಿ ಅವಳು ಪ್ಯಾರಿಸಿಗೆ ಬಂದು, ಝಾಮೆ ಎಂಬ ಇಟಲಿ ಮೂಲದ ಧನಿಕನ ಮನೆಯಲ್ಲಿ ಊಟಮಾಡಿದಳು. ಅನಂತರ ಅಸ್ವಸ್ಥಳಾಗಿ, ಪ್ರಬಲವಾದ ಸೆಳವುಗಳಿಗೆ ಸಿಕ್ಕಿ, ಪ್ರಜ್ಞೆ ತಪ್ಪಿ, ಮುಖವು ಗುರುತು ಸಿಗದಷ್ಟು ವಿಕಾರವಾಗಿ, ಗರ್ಭವೂ ಸತ್ತು, ಏಪ್ರಿಲ್ 10ರಂದು ಪ್ರಾಣಬಿಟ್ಟಳು. ಫಾಂಟೆನ್‌ಬ್ಲೋ ಅರಮನೆಯಲ್ಲಿದ್ದ ದೊರೆಯು ಕೊನೆಗಾಲದಲ್ಲಿ ಅವಳನ್ನು ನೋಡಲಿಲ್ಲ. ಊಟ ಬಡಿಸಿದವನು ಇಟಲಿಯವನು. ಈ ಮದುವೆಯಿಂದ ತೊಂದರೆಗೊಳಗಾಗುವವರು ಹಲವರು. ಆದಕಾರಣ ವಿಷಪ್ರಯೋಗವಾಯಿತೆಂಬ ಮಾತು ಕೂಡಲೇ ಹಬ್ಬಿತು. ದೈವದಂಡನೆಯೆಂದೂ, ಪಿಶಾಚವು ಕುತ್ತಿಗೆ ಮುರಿಯಿತೆಂದೂ ಹೇಳಿದವರಿದ್ದರು. ಈಗಿನ ಚರಿತ್ರಕಾರರು ಬಹುಮಟ್ಟಿಗೆ ಇದನ್ನು ಎಕ್ಲಾಂಪ್ಸಿಯವೆಂದೇ ಎಣಿಸುವರು. ಝಾಮೆಯ ಮೇಲಿನ ಅಪವಾದವು ಮಾತ್ರ ಶತಮಾನಗಳ ಕಾಲ ಪುಸ್ತಕದಿಂದ ಪುಸ್ತಕಕ್ಕೆ ನಡೆದುಬಂದಿತು. ರೋಗಜ್ಞಾನವಿಲ್ಲದಿದ್ದಾಗ ಒಬ್ಬಳು ಸಾಯುವುದಲ್ಲದೆ ಇನ್ನೊಬ್ಬನು ಕೊಲೆಗಾರನೂ ಆಗುವನು.

ಅರಮನೆಯ ಸ್ಥಿತಿ ಹೀಗಿದ್ದ ಮೇಲೆ ಹಳ್ಳಿಗಳ ಮಾತನ್ನು ಹೇಳಬೇಕಾದುದೇನು? ಕನ್ನಡನಾಡಿನಲ್ಲಿ ಹೆರಿಗೆಯಾದವಳಿಗೆ ಬರುವ ಸೆಳವು, ಪ್ರಲಾಪ, ಜ್ವರಗಳಿಗೆಲ್ಲ ಬಾಣಂತಿಸನ್ನಿ ಎಂಬುದೊಂದೇ ಹೆಸರು. ಸನ್ನಿಯೆಂಬುದು ಸನ್ನಿಪಾತದ ತದ್ಭವ. ಮೂರು ದೋಷಗಳೂ ಒಟ್ಟಾಗಿ ಕೆರಳಿದುದೆಂದು ಶಾಸ್ತ್ರಾರ್ಥ. ಸೂತಿಕಾಜ್ವರ, ಚಿತ್ತವಿಭ್ರಮ, ರಕ್ತದೊತ್ತಡದ ಸೆಳವು, ಹೀಗೆ ಮೂರು ಬೇರೆ ರೋಗಗಳು ಆ ಒಂದು ಪದದಲ್ಲಿ ಸೇರಿಹೋಗಿವೆ. ಸೆಳವು ಹೆರಿಗೆಯ ಮುನ್ನ ಮಾತ್ರವಲ್ಲದೆ ಹೆರಿಗೆಯಾದ ಕೆಲವು ದಿನಗಳ ಮೇಲೂ ಬರುವುದುಂಟೆಂಬುದನ್ನು ಲಕ್ಷಿಸಿದರೆ, ಸನ್ನಿಯೆಂದು ದೆವ್ವ ಬಿಡಿಸಹೊರಟ ಮನೆಗಳಲ್ಲಿ ಕೆಲವಾದರೂ ಈ ರೋಗವನ್ನೇ ಕಂಡಿರಬೇಕು.

ಲಕ್ಷಣಗಳು ಒಂದಕ್ಕೊಂದು ಸೇರಿ ರೋಗವೊಂದರ ಆಕಾರವನ್ನು ತಳೆದುದು ಹತ್ತೊಂಬತ್ತನೆಯ ಶತಮಾನದ ನಡುವೆ. ಅದಕ್ಕೆ ಮೊದಲು ಹದಿನೇಳನೆಯ ಶತಮಾನದಲ್ಲಿ ಮೊರಿಸೋ ಎಂಬ ಪ್ರಸಿದ್ಧ ಫ್ರೆಂಚ್ ಪ್ರಸೂತಿವೈದ್ಯನು, ಚೊಚ್ಚಲ ಬಸುರಿಯರಲ್ಲಿ ಸೆಳವಿನ ಭಯ ಹೆಚ್ಚೆಂಬುದನ್ನು ಗಮನಿಸಿದ್ದನು; ಆದರೆ ರಕ್ತದ ಆಧಿಕ್ಯವನ್ನು ಕಾರಣವೆಂದೂ ರಕ್ತಮೋಕ್ಷಣವನ್ನು ಚಿಕಿತ್ಸೆಯೆಂದೂ ನಂಬಿದ್ದನು. 1843 ಎಂಬ ಒಂದೇ ವರ್ಷದಲ್ಲಿ ಮೂರು ಕಡೆಗಳಿಂದ ಮೂವರು ಈ ವಿಷಯವನ್ನು ಮುಂದಕ್ಕೆ ತಂದರು. ಲಂಡನ್ನಿನ ಗೈಸ್ ಆಸ್ಪತ್ರೆಯ ಜಾನ್ ಲಿವರ್ ಎಂಬುವನು ಸೆಳವು ಬಂದ ಸ್ತ್ರೀಯರ ಮೂತ್ರವನ್ನು ಕಾಯಿಸಿ, ಅದರಲ್ಲಿ ಮೊಟ್ಟೆಯ ಬಿಳುಪಿನಂತೆ ಹೆಪ್ಪುಗಟ್ಟುವ ಆಲ್ಬ್ಯುಮಿನ್ ಇರುವುದನ್ನು ತೋರಿಸಿದನು. ಹೆರಿಗೆಯಾದ ಮೇಲೆ ಅದು ಇಲ್ಲವಾಗುವುದರಿಂದ ಇದು ಬ್ರೈಟನು ವರ್ಣಿಸಿದ ಮೂತ್ರಪಿಂಡರೋಗಕ್ಕಿಂತ ಬೇರೆಯೆಂದೂ ಗ್ರಹಿಸಿದನು. ಎಡಿನ್‌ಬರೋದಲ್ಲಿ ಸಿಂಪ್ಸನ್ ಎಂಬ ವೈದ್ಯನೂ ಅದನ್ನೇ ಕಂಡನು. ಡಬ್ಲಿನ್ನಿನ ರಾಬರ್ಟ್ ಜಾನ್ಸ್ ಎಂಬುವನ ಮಾತು ಪ್ರಕೃತಕ್ಕೆ ಇನ್ನೂ ಮುಖ್ಯ. ಗರ್ಭದ ಕೊನೆಯ ತಿಂಗಳುಗಳಲ್ಲಿ ತಲೆನೋವು, ಸ್ವಲ್ಪ ಹೊತ್ತು ಕಣ್ಣು ಕಾಣದಿರುವುದು, ಹೊಟ್ಟೆಯ ಮೇಲುಭಾಗದಲ್ಲಿ ತೀವ್ರವಾದ ನೋವು, ಕೈ, ತೋಳು, ಕೊರಳು, ಮುಖಗಳ ಬಾವು, ಇವು ಮುಂಬರುವ ಸೆಳವಿನ ಪೂರ್ವರೂಪಗಳೆಂದು ಅವನು ಕೂಡಿಸಿ ಹೇಳಿದನು. ಆಯುರ್ವೇದದ ನಿದಾನಪಂಚಕದಲ್ಲಿ ಪೂರ್ವರೂಪಕ್ಕೆ ಎಷ್ಟು ಗೌರವವಿದೆಯೆಂಬುದನ್ನು ಬಲ್ಲವರು ಈ ಹೆಜ್ಜೆಯ ಬೆಲೆಯನ್ನು ತಾವೇ ಅರಿಯಬಲ್ಲರು. ದೃಷ್ಟಿಯ ಮಬ್ಬು ಸಾವಿನ ಅರಿಷ್ಟವಾಗಿದ್ದುದು ಎಚ್ಚರಿಕೆಯ ಪೂರ್ವರೂಪವಾಗಿ ಮಾರ್ಪಟ್ಟಿತು.

ಆದರೂ ಕಣ್ಣಿನೊಳಗೆ ಏನಾಗುತ್ತದೆಂಬುದು ತಿಳಿದಿರಲಿಲ್ಲ. ಹೊರಗೆ ದೋಷವಿಲ್ಲದೆ ದೃಷ್ಟಿ ಹೋಗುವ ಇಂತಹ ರೋಗಗಳಲ್ಲಿ ರೋಗಿಗೂ ಏನೂ ಕಾಣದು, ವೈದ್ಯನಿಗೂ ಏನೂ ಕಾಣದು ಎಂಬ ಪರಿಹಾಸ ಆ ಕಾಲದ ನೇತ್ರವೈದ್ಯರಲ್ಲಿಯೇ ಇತ್ತು. 1851ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸನು ನೇತ್ರದರ್ಶಕಯಂತ್ರವನ್ನು ಪ್ರಕಟಿಸಿದಮೇಲೆ ಜೀವಂತ ಮನುಷ್ಯನ ಅಕ್ಷಿಪಟವೂ ಅದರ ರಕ್ತನಾಳಗಳೂ ಕಣ್ಣಿಗೆ ಬಿದ್ದುವು. 1855ರಲ್ಲಿ ಫೊನ್ ಗ್ರೇಫೆಯು ಈ ರೋಗದಲ್ಲಿ ಅಕ್ಷಿಪಟವು ವಿಕೃತವಾಗುವುದನ್ನು ವರ್ಣಿಸಿದನೆಂದು ನೇತ್ರವೈದ್ಯದ ಚರಿತ್ರೆಗಳು ಹೇಳುತ್ತವೆ. ಒತ್ತಡವು ಏರಿದಾಗ ಅಕ್ಷಿಪಟದ ಸಣ್ಣ ಧಮನಿಗಳು ಸೆಟೆದು ಕಿರಿದಾಗುತ್ತವೆ. ಕೆಲವೆಡೆ ರಕ್ತವು ಜಿನುಗುತ್ತದೆ. ಒಮ್ಮೊಮ್ಮೆ ಪಟದ ಹಿಂದೆ ನೀರು ಸೇರಿ ಅದು ತನ್ನ ಸ್ಥಾನದಿಂದ ಕಳಚಿ ಮೇಲೇಳುತ್ತದೆ. ಆಶ್ಚರ್ಯದ ಸಂಗತಿಯೆಂದರೆ, ಹೀಗೆ ಕಳಚಿದ ಪಟವು ಹೆರಿಗೆಯಾದ ಕೆಲವು ವಾರಗಳಲ್ಲಿ ಶಸ್ತ್ರಚಿಕಿತ್ಸೆಯಿಲ್ಲದೆ ಬಹುಮಟ್ಟಿಗೆ ತಾನಾಗಿಯೇ ಕೂಡಿಕೊಳ್ಳುತ್ತದೆ.

ಒತ್ತಡವೆಂಬ ಮಾತು ಇದುವರೆಗಿನ ಚರಿತ್ರೆಯಲ್ಲಿ ಎಲ್ಲಿಯೂ ಬರಲಿಲ್ಲವೆಂಬುದನ್ನು ವಾಚಕರು ಗಮನಿಸಿರಬಹುದು. ಅಳೆಯುವ ಸಾಧನವೇ ಇರಲಿಲ್ಲ. ನಾಡಿಯ ತರಂಗವನ್ನು ಕಾಗದದ ಮೇಲೆ ಬರೆಯುವ ಯಂತ್ರವನ್ನು ಸುಧಾರಿಸಿ, ಮೂತ್ರದಲ್ಲಿ ಆಲ್ಬ್ಯುಮಿನ್ ಕಾಣುವುದಕ್ಕೆ ಮೊದಲೇ ಧಮನಿಗಳ ಒತ್ತಡವು ಏರಿರುತ್ತದೆಂದು 1870ರ ದಶಕದಲ್ಲಿ ತೋರಿಸಿದವನು ಫ್ರೆಡರಿಕ್ ಅಕ್ಬರ್ ಮಹಮದ್. ಇವನ ಅಜ್ಜನು ಪಾಟ್ನಾದಿಂದ ಹೋಗಿ ಇಂಗ್ಲೆಂಡಿನಲ್ಲಿ ನೆಲೆಸಿದ ಶೇಖ್ ದೀನ್ ಮಹಮದ್. ಮೊಮ್ಮಗನು 1884ರಲ್ಲಿ ಮೂವತ್ತೈದು ವರ್ಷದ ಪ್ರಾಯದಲ್ಲಿ ತೀರಿಕೊಂಡನು. ಇಲ್ಲದಿದ್ದರೆ ಈ ಶಾಸ್ತ್ರದಲ್ಲಿ ಅವನ ಹೆಸರು ಇನ್ನೂ ದೊಡ್ಡದಾಗುತ್ತಿತ್ತು. 1896ರಲ್ಲಿ ಇಟಲಿಯ ರೀವಾ-ರೋಚ್ಚಿಯು ತೋಳಿಗೆ ಸುತ್ತುವ ಪಟ್ಟಿಯ ಮಾಪಕವನ್ನು ಮಾಡಿದನು. ಮರುವರ್ಷವೇ, 1897ರಲ್ಲಿ, ಫ್ರಾನ್ಸಿನ ವಾಕೇ ಮತ್ತು ನೊಬೇಕೂರ್ ಎಂಬಿಬ್ಬರು ಸೆಳವು ಬಂದ ಗರ್ಭಿಣಿಯರ ರಕ್ತದೊತ್ತಡವು ಏರಿರುವುದನ್ನು ಅಳೆದು ಪ್ರಕಟಿಸಿದರು. 1905ರಲ್ಲಿ ರಷ್ಯದ ಕೊರೊಟ್ಕೊಫ್ ನಾಡಿಯ ಶಬ್ದವನ್ನು ಕೇಳಿ ಎರಡು ಅಂಕಗಳನ್ನೂ ಗೊತ್ತುಮಾಡುವ ವಿಧಾನವನ್ನು ತೋರಿಸಿದನು. ಇಂದು ಇಪ್ಪತ್ತು ವಾರ ಕಳೆದ ಗರ್ಭಿಣಿಯಲ್ಲಿ 140ಕ್ಕೆ 90 ಎಂಬ ಅಂಕವನ್ನು ಮುಟ್ಟಿದರೆ ವೈದ್ಯರು ಎಚ್ಚರಗೊಳ್ಳುವುದು ಈ ಸಾಧನಗಳ ಫಲ.

ಕಾರಣದ ವಿಷಯಕ್ಕೆ ಬಂದರೆ ಚರಿತ್ರೆಯು ಗೋಜಲಾಗುತ್ತದೆ. ಗರ್ಭದಿಂದ ಹುಟ್ಟಿದ ಯಾವುದೋ ವಿಷವು ತಾಯಿಯ ರಕ್ತದಲ್ಲಿ ಸೇರುತ್ತದೆಂಬ ವಾದವು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರಬಲವಾಯಿತು. ಕನ್ನಡದಲ್ಲಿ ಇಂದಿಗೂ ಬಳಸುವ ಗರ್ಭನಂಜು ಎಂಬ ಮಾತು ಆ ವಾದದ ಅವಶೇಷ. ವಾದವು ಆ ರೂಪದಲ್ಲಿ ಉಳಿಯಲಿಲ್ಲ, ಪದವು ಉಳಿದಿದೆ. 1893ರಲ್ಲಿ ಜರ್ಮನಿಯ ಶ್ಮೋರ್ಲ್ ಈ ರೋಗದಿಂದ ಮೃತರಾದ 17 ಮಂದಿ ಸ್ತ್ರೀಯರ ದೇಹಗಳನ್ನು ಪರೀಕ್ಷಿಸಿ, ಮಾಸಿನ ಕಣಗಳು ಅವರ ಶ್ವಾಸಕೋಶದ ನಾಳಗಳಲ್ಲಿ ಸಿಕ್ಕಿಕೊಂಡಿದ್ದುದನ್ನು ಕಂಡನು. ತಾಯಿಯ ವ್ಯಾಧಿಗೂ ಮಾಸಿಗೂ ನಂಟಿದೆಯೆಂಬುದಕ್ಕೆ ಅದೊಂದು ದೊಡ್ಡ ಸೂಚನೆ. ಆದರೆ ಮತಗಳು ಎಷ್ಟು ಬೆಳೆದುವೆಂದರೆ, ಲೈಪ್ಸಿಗ್ಗಿನ ತ್ಸ್ವೈಫೆಲನು ಇದನ್ನು ಸಿದ್ಧಾಂತಗಳ ರೋಗವೆಂದೇ ಕರೆದನು. 1983ರಷ್ಟು ಈಚೆಗೂ ಒಂದು ಸೂಕ್ಷ್ಮಕ್ರಿಮಿಯೇ ಇದಕ್ಕೆ ಕಾರಣವೆಂದು ಅದಕ್ಕೆ ಲ್ಯಾಟಿನ್ ನಾಮಕರಣವನ್ನೂ ಮಾಡಿದವರುಂಟು; ಕ್ರಿಮಿಯೆಂದು ಕಂಡದ್ದು ಗಾಜಿನ ಮೇಲೆ ಬಣ್ಣ ಹಾಕುವಾಗ ಸೇರಿದ ಕಸವೆಂದು ಬೇಗನೆ ಬಯಲಾಯಿತು. 2003ರಲ್ಲಿ ಅಮೆರಿಕೆಯ ಬಾಸ್ಟನ್ನಿನಲ್ಲಿ ಭಾರತೀಯ ಮೂಲದ ಅನಂತ ಕರುಮಂಚಿ ಮತ್ತು ಅವರ ಸಹಚರರು, ರೋಗಗ್ರಸ್ತವಾದ ಮಾಸಿನಿಂದ ಒಂದು ಪ್ರೋಟೀನು ಅಧಿಕವಾಗಿ ಹೊರಟು ತಾಯಿಯ ರಕ್ತನಾಳಗಳ ಒಳಪದರವನ್ನು ಕೆಡಿಸುತ್ತದೆಂದು ತೋರಿಸಿದರು. ವಿಷವಾದದ ಹಳೆಯ ಊಹೆಯು ಹೀಗೆ ಬೇರೊಂದು ವೇಷದಿಂದ ಮರಳಿಬಂದಿತೆನ್ನಬಹುದು. ಮಾಸು ಹೊರಬೀಳುವವರೆಗೆ ರೋಗವು ಬಿಡದೆಂಬ ಸೂಲಗಿತ್ತಿಯರೂ ಬಲ್ಲ ಅನುಭವಕ್ಕೆ ಇದು ಹೊಂದುತ್ತದೆ.

ಇನ್ನು ಮಿದುಳು. 1928ರಲ್ಲಿ ಒಪ್ಪನ್‌ಹೈಮರ್ ಮತ್ತು ಫಿಷ್‌ಬರ್ಗ್ ಎಂಬುವರು ರಕ್ತದೊತ್ತಡದ ತೀವ್ರ ಏರಿಕೆಯಿಂದಲೇ ಮಿದುಳು ಕೆಟ್ಟು ತಲೆನೋವು, ಸೆಳವು, ಅಂಧತೆಗಳು ಬರುವ ಸ್ಥಿತಿಗೆ ಪ್ರತ್ಯೇಕವಾದ ಹೆಸರನ್ನು ಕೊಟ್ಟರು. ಶೀಹನ್ ಮತ್ತು ಲಿಂಚ್ ಇವರ 1973ರ ಗ್ರಂಥವು ಮೃತರ ಮಿದುಳಿನಲ್ಲಿ ಕಂಡ ರಕ್ತದ ಚುಕ್ಕೆಗಳನ್ನೂ ದೊಡ್ಡ ರಕ್ತಸ್ರಾವಗಳನ್ನೂ ವಿವರಿಸಿತು. ಆದರೆ ಮೃತರನ್ನು ನೋಡಿ ಬದುಕುವವರ ಸ್ಥಿತಿಯನ್ನು ತಿಳಿಯಲಾಗದು. ಮಿದುಳಿನ ಚಿತ್ರವನ್ನು ತೆಗೆಯುವ ಯಂತ್ರಗಳು ಬಂದಮೇಲೆ, ಅಮೆರಿಕೆಯ ಡಲ್ಲಾಸ್ ನಗರದ ವೈದ್ಯರು ಹದಿನಾಲ್ಕು ವರ್ಷಗಳಲ್ಲಿ ಕಂಡ, ದೃಷ್ಟಿ ಹೋದ 15 ಮಂದಿ ಗರ್ಭಿಣಿಯರ ವೃತ್ತಾಂತವನ್ನು 1995ರಲ್ಲಿ ಪ್ರಕಟಿಸಿದರು. ಅಂಧತೆಯು ನಾಲ್ಕು ಗಂಟೆಗಳಿಂದ ಎಂಟು ದಿನಗಳವರೆಗೆ ಇದ್ದು ಎಲ್ಲರಿಗೂ ದೃಷ್ಟಿಯು ಮರಳಿತು. ಮರುವರ್ಷ ಹಿಂಚಿ ಮೊದಲಾದವರು ಮಿದುಳಿನ ಹಿಂಭಾಗದಲ್ಲಿ ನೀರು ತುಂಬಿ ಮತ್ತೆ ಇಳಿಯುವ ಒಂದು ಲಕ್ಷಣಸಮೂಹವನ್ನು 15 ರೋಗಿಗಳಲ್ಲಿ ವರ್ಣಿಸಿದರು. ಅವರಲ್ಲಿ ಮೂವರು ಎಕ್ಲಾಂಪ್ಸಿಯದವರು. ತಲೆಯ ಹಿಂಬದಿಯ ರಕ್ತನಾಳಗಳಿಗೆ ಒತ್ತಡವನ್ನು ತಡೆದುಕೊಳ್ಳುವಂತೆ ಸಂಕೋಚಗೊಳಿಸುವ ನರಗಳು ಮುಂಬದಿಗಿಂತ ವಿರಳವಾಗಿರುವುದರಿಂದ ಅಲ್ಲಿಯೇ ದ್ರವವು ಮೊದಲು ಒಸರುತ್ತದೆಂದು ಊಹಿಸಲಾಗಿದೆ. ದೃಷ್ಟಿಯ ಕೇಂದ್ರವಿರುವುದೂ ಅಲ್ಲಿಯೇ.

ಈ ಬಗೆಯ ಅಂಧತೆಯಲ್ಲಿ ಕಣ್ಣಿಗೆ ದೀಪವನ್ನು ಹಿಡಿದರೆ ಪಾಪೆಯು ಎಂದಿನಂತೆ ಕಿರಿದಾಗುತ್ತದೆ, ಅಕ್ಷಿಪಟವೂ ನಿರ್ದುಷ್ಟವಾಗಿರಬಹುದು, ಆದರೂ ಅವಳಿಗೆ ಏನೂ ಕಾಣದು. ಗೋಲಕವೇ ಇಂದ್ರಿಯವಲ್ಲ, ಗೋಲಕವಿದ್ದ ಮಾತ್ರಕ್ಕೆ ಜ್ಞಾನವಾಗದು ಎಂದು ನೈಯಾಯಿಕರು ವಾದಿಸುವಾಗ ಪೂರ್ವಪಕ್ಷಿಗೆ ತೋರಿಸಲು ಇದಕ್ಕಿಂತ ಸ್ಪಷ್ಟವಾದ ದೃಷ್ಟಾಂತ ದೊರೆಯಲಾರದು. ಸುಶ್ರುತನು ನೇತ್ರರೋಗಗಳನ್ನು ಎಪ್ಪತ್ತಾರೆಂದು ಉತ್ತರತಂತ್ರದಲ್ಲಿ ಎಣಿಸಿದವನು; ಅವನೇ ಮೂಢಗರ್ಭದಲ್ಲಿ ಕಣ್ಣಿನ ರೋಗದ ಹೆಸರೊಂದನ್ನು ಹೇಳದೆ ಇಂದ್ರಿಯಾರ್ಥವೈಪರೀತ್ಯವೆಂಬ ವ್ಯಾಪಕವಾದ ಮಾತನ್ನು ಆರಿಸಿರುವುದು ಅರ್ಥವತ್ತಾಗಿಯೇ ಇದೆ.

ಚಿಕಿತ್ಸೆಯ ಚರಿತ್ರೆಯಲ್ಲಿ ಬಹುಭಾಗ ವ್ಯಸನಕರವಾದುದು. ಕೊಡಗಟ್ಟಲೆ ರಕ್ತವನ್ನು ತೆಗೆದ ಕಾಲವೊಂದಿತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ರಷ್ಯದ ಸ್ತ್ರೊಗಾನೊಫನು ರೋಗಿಯನ್ನು ಕತ್ತಲೆಯ ನಿಶ್ಶಬ್ದವಾದ ಕೋಣೆಯಲ್ಲಿಟ್ಟು, ಮಾರ್ಫಿಯ ಮತ್ತು ಕ್ಲೋರಲುಗಳಿಂದ ಮಲಗಿಸುವ ಕ್ರಮವನ್ನು ಬಳಕೆಗೆ ತಂದನು. ಭೇದಿಗೆ ಕುಡಿಸುತ್ತಿದ್ದ ಎಪ್ಸಮ್ ಲವಣವನ್ನೇ, ಎಂದರೆ ಮೆಗ್ನೀಸಿಯಂ ಸಲ್ಫೇಟನ್ನು, 1906ರಲ್ಲಿ ಜರ್ಮನಿಯಲ್ಲಿ ಬೆನ್ನುಹುರಿಯ ದ್ರವದಲ್ಲಿಯೂ, 1925 ಮತ್ತು 1926ರಲ್ಲಿ ಅಮೆರಿಕೆಯಲ್ಲಿ ಸಿರೆಯಲ್ಲಿಯೂ ಮಾಂಸದಲ್ಲಿಯೂ ಚುಚ್ಚಿ ಕೊಟ್ಟು ನೋಡಿದರು. ಅಮೆರಿಕೆಯವರು ಅದನ್ನು ನಂಬಿದರು. ಇಂಗ್ಲೆಂಡಿನವರು ಬೇರೆ ಔಷಧಗಳನ್ನು ನಂಬಿದರು. ಯಾವುದು ಮೇಲೆಂಬ ಚರ್ಚೆ ಎಪ್ಪತ್ತು ವರ್ಷ ನಡೆಯಿತು. ತೀರ್ಪು ಬಂದುದು 1995ರಲ್ಲಿ. ಭಾರತವೂ ಸೇರಿದಂತೆ ಹಲವು ಬಡ ದೇಶಗಳ ಆಸ್ಪತ್ರೆಗಳಲ್ಲಿ ಸೆಳವು ಬಂದ 1,687 ಮಂದಿ ಸ್ತ್ರೀಯರನ್ನು ಚೀಟಿಯೆತ್ತಿದಂತೆ ವಿಂಗಡಿಸಿ ಪರೀಕ್ಷಿಸಲಾಗಿ, ಡಯಜಿಪಾಮ್ ಪಡೆದವರಲ್ಲಿ ನೂರಕ್ಕೆ 27.9 ಮಂದಿಗೆ ಸೆಳವು ಮರುಕಳಿಸಿದರೆ ಲವಣವನ್ನು ಪಡೆದವರಲ್ಲಿ 13.2 ಮಂದಿಗೆ ಮಾತ್ರ ಮರುಕಳಿಸಿತು. ಫಿನಿಟಾಯಿನ್ನಿನೊಡನೆ ಹೋಲಿಸಿದಲ್ಲಿ ಆ ಅಂಕಗಳು 17.1 ಮತ್ತು 5.7. 2002ರಲ್ಲಿ 33 ದೇಶಗಳ 10,141 ಮಂದಿಯಲ್ಲಿ ನಡೆದ ಇನ್ನೊಂದು ಪರೀಕ್ಷೆಯು, ಸೆಳವು ಬರುವ ಮೊದಲೇ ಈ ಲವಣವನ್ನು ಕೊಟ್ಟರೆ ಅದರ ಭಯವು ಅರ್ಧಕ್ಕಿಂತಲೂ ಕಡಮೆಯಾಗುವುದೆಂದು ತೋರಿಸಿತು. ಇಷ್ಟಾದರೂ 2003ರಿಂದ 2009ರವರೆಗಿನ ಲೆಕ್ಕದಲ್ಲಿ ಲೋಕದ ಬಸುರಿ ಬಾಣಂತಿಯರ ಮರಣಗಳಲ್ಲಿ ನೂರಕ್ಕೆ ಹದಿನಾಲ್ಕು ರಕ್ತದೊತ್ತಡದ ರೋಗಗಳಿಂದಲೇ ಆದುವು.

ಕೊನೆಯದಾಗಿ, ಸುಶ್ರುತನ ಆ ವಿಧಿವಾಚಕ ಪದದ ಬಗೆಗೆ ಒಂದು ಮಾತು. ಕನ್ನಡದಲ್ಲಿ ಪರಿಹರಿಸುವುದೆಂದರೆ ಹೋಗಲಾಡಿಸುವುದು, ಗುಣಪಡಿಸುವುದು. ಈ ಬಳಕೆಗೆ ಒಗ್ಗಿದ ವಿದ್ಯಾರ್ಥಿಯು ಮೂಢಗರ್ಭನಿದಾನವನ್ನು ಓದುವಾಗ, ಆಕ್ಷೇಪಕವುಳ್ಳ ಗರ್ಭಿಣಿಯನ್ನು ವೈದ್ಯನು ಗುಣಪಡಿಸತಕ್ಕದ್ದೆಂದು ಅರ್ಥಮಾಡುವ ಸಂಭವವುಂಟು. ಅಲ್ಲಿನ ಅರ್ಥವು ಅದಕ್ಕೆ ತೀರ ವಿರುದ್ಧ: ಅವಳನ್ನು ಬಿಟ್ಟುಬಿಡತಕ್ಕದ್ದು, ಚಿಕಿತ್ಸೆಗೆ ಕೈಹಾಕಬಾರದು ಎಂದು. ಪಾಠ ಹೇಳುವವರು ಈ ಎರಡರ್ಥಗಳನ್ನೂ ಎದುರುಬದುರಾಗಿ ಬರೆದು ತೋರಿಸಿ, ಮೊದಲನೆಯದು ಕನ್ನಡದ್ದು, ಎರಡನೆಯದು ಸಂಸ್ಕೃತದ್ದು ಎಂದು ಬೇರ್ಪಡಿಸಿ ಹೇಳುವುದು ಒಳ್ಳೆಯದು.